ಮೊದಲು ಅವರು ಮಾತಾಡಲಿ

ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಅನ್ನುವುದು ನಮ್ಮ ಹಾವೇರಿ ಸೀಮೆಯ ರೂಢಿ. ವರ್ಷವಿಡೀ ಮಾತು ಬಿಟ್ಟ ದಾಯಾದಿಗಳೂ ಅಂದು ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯುತ್ತಾರೆ. ಬದುವಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ದಾಂಪತ್ಯದ ಮೋಸಕ್ಕೆ ಮಾತ್ರ ಅಷ್ಟು ಸಾಲದು.

ನನ್ನ ಗಂಡ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಸಾಗಿಸುತ್ತಿದ್ದರು. ಸುಗ್ಗಿಯಲ್ಲಿ ರಾತ್ರಿ ಹೊರಗುಳಿಯುವುದು ಆ ಕೆಲಸದಲ್ಲಿ ಇದ್ದದ್ದೇ. ರಾಣೆಬೆನ್ನೂರಿನಲ್ಲಿ ಅವರಿಗೆ ಇನ್ನೊಂದು ಸಂಬಂಧವಿದೆ ಎಂದು ಗೊತ್ತಾದಾಗ ಅಗಡಿಯ ನಮ್ಮ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟ ಊರು ನಮ್ಮದು, ಒಳ್ಳೆಯ ಮಾತಿಗೆ ಇಲ್ಲಿ ಬರವಿಲ್ಲ. ಆದರೆ ಅಂದಿನ ಮಾತೆಲ್ಲ ನನ್ನ ಕಡೆಗೇ ಬಂತು. ‘ಆಗಿದ್ದು ಆತು, ಮರತಬಿಡವಾ. ಮಕ್ಕಳ ಮಾರಿ ನೋಡು.’ ಏನು ಮಾಡಿದೆ ಎಂದು ನನ್ನ ಗಂಡನನ್ನು ಯಾರೂ ಕೇಳಲಿಲ್ಲ. ತಪ್ಪು ಮಾಡಿದವರು ಬಾಯಿ ಬಿಡುವ ಮೊದಲೇ ನೊಂದವಳು ಕ್ಷಮಿಸಬೇಕಿತ್ತು.

‘ಮೊದಲು ಅವರು ಮಾತಾಡಲಿ’ ಎಂದೆ. ಅಷ್ಟು ಹೇಳುವುದಕ್ಕೇ ಎದೆ ಡವಗುಟ್ಟಿತ್ತು. ಅವರು ಮಾತಾಡುವುದಕ್ಕೆ ಬಹಳ ದಿನ ಹಿಡಿಯಿತು. ಮೊದಲು ಅರ್ಧ ಹೇಳಿದರು, ಉಳಿದರ್ಧ ಇನ್ನೊಬ್ಬರಿಂದ ತಿಳಿದಾಗ ನೋವು ಇಮ್ಮಡಿಸಿತು. ಪೂರ್ತಿ ಹೇಳಿದ ರಾತ್ರಿ ನಾನು ಅತ್ತೆ. ಅವರೂ ಅತ್ತರು. ಸಂಬಂಧ ಮುರಿದದ್ದನ್ನು ನನ್ನೆದುರೇ ಖಚಿತಪಡಿಸಿದರು, ಹಣದ ಲೆಕ್ಕ ಮುಂದಿಟ್ಟರು. ನನ್ನೊಳಗಿನ ಗಂಟು ಸಡಿಲವಾಗತೊಡಗಿದ್ದು ಅಲ್ಲಿಂದ.

ಇಬ್ಬರೂ ರಕ್ತ ಪರೀಕ್ಷೆ ಮಾಡಿಸೋಣ ಎಂದೂ ಹೇಳಿದೆ. ಇದನ್ನು ಬರೆಯಲು ಸಂಕೋಚವಿದೆ, ಆದರೂ ಬರೆಯಲೇಬೇಕು. ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿಯೇ ಇರುತ್ತದೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಹಾಗಾಗಿ 3 ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಎಷ್ಟೋ ಹೆಂಗಸರು ‘ಕ್ಷಮಿಸಿದೆ’ ಎಂದ ಮೇಲೆ ಇದನ್ನು ಕೇಳಲು ಬಾಯಿ ಬರದೆ ಸುಮ್ಮನಾಗುತ್ತಾರೆ. ಗಂಡನ ಮೇಲೆ ಮನಸ್ಸು ತಿಳಿಯಾಗುವುದಕ್ಕೂ ನಮ್ಮ ದೇಹ ಕಾಪಾಡಿಕೊಳ್ಳುವುದಕ್ಕೂ ವಿರೋಧವಿಲ್ಲ.

ಹಾವೇರಿಯಲ್ಲಿ ವಕೀಲೆಯೊಬ್ಬರು ತಿಳಿಸಿದ ಸಂಗತಿ ನನಗೆ ಬಹಳ ಬಲ ಕೊಟ್ಟಿತು. ಹಿಂದೂ ವಿವಾಹ ಕಾಯ್ದೆ, 1955ರ 23ನೇ ಕಲಮಿನ ಪ್ರಕಾರ, ಸಂಗಾತಿಯ ವ್ಯಭಿಚಾರ ಅಥವಾ ಕ್ರೌರ್ಯವನ್ನು ಮನ್ನಿಸಿದವರಿಗೆ ಅದೇ ಕಾರಣದ ಮೇಲೆ ವಿಚ್ಛೇದನ ಸಿಗುವುದಿಲ್ಲ. ಆದರೆ ಹಾಗೆ ಮನ್ನಿಸುವುದಕ್ಕೆ ಒಂದು ಷರತ್ತು ಅಂಟಿಕೊಂಡೇ ಇರುತ್ತದೆ. 1975ರಲ್ಲಿ ದಾಸ್ತಾನೆ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಕ್ಷಮಿಸಿ, ಮೊದಲಿನ ಸ್ಥಾನವನ್ನೂ ಮರಳಿ ಕೊಟ್ಟರೆ ಮಾತ್ರ ಅದು ಮನ್ನಿಸಿದಂತೆ, ಮುಂದೆ ಮತ್ತೆ ತಪ್ಪಿದರೆ ಹಳೆಯ ಅಪರಾಧವೂ ಜೀವ ಪಡೆಯುತ್ತದೆ. ನಮ್ಮ ಪಡಸಾಲೆಯಲ್ಲಿ ಯಾರೂ ಆಡದ ಮಾತು ಕಾನೂನಿನಲ್ಲಿತ್ತು.

ನಾನು ಕ್ಷಮಿಸಿದೆ. ಹಿರಿಯರು ಹೇಳಿದ ದಿನ ಅಲ್ಲ, ಅದಾಗಿ ಬಹಳ ಕಾಲದ ಮೇಲೆ. ನಂಬಿಕೆ ಇನ್ನೂ ತಡವಾಗಿ ಬಂತು, ಪೂರ್ತಿ ಬಂದಿದೆ ಎಂದು ಈಗಲೂ ಹೇಳಲಾರೆ. ಅವರು ತಡವಾಗಿ ಬಂದ ರಾತ್ರಿ ಹೊಟ್ಟೆಯಲ್ಲಿ ಸಂಕಟ ಏಳುತ್ತದೆ. ಕೇಳುತ್ತೇನೆ. ‘ಇನ್ನೂ ಅದನ್ನ ಹಿಡಕೊಂಡು ಕುಂತೀಯೇನು’ ಎನ್ನದೆ ಅವರು ಉತ್ತರಿಸುತ್ತಾರೆ. ಅವರ ಪಶ್ಚಾತ್ತಾಪದ ಮೇಲೆ ನನಗೆ ಗೌರವ ಹುಟ್ಟಿದ್ದು ಈ ತಾಳ್ಮೆಯಿಂದ.

ಹೊಡೆತ ಬಡಿತ ಇರುವ ಮನೆಗೆ ನನ್ನ ಕತೆಯನ್ನು ಯಾರೂ ಉದಾಹರಣೆ ಕೊಡಬಾರದು. ಅಲ್ಲಿ ಮೊದಲು ಜೀವ ಉಳಿಯಬೇಕು. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ. ಕ್ಷಮಿಸದೆ ಹೊರನಡೆದವಳೂ ನನ್ನಷ್ಟೇ ಮರ್ಯಾದಸ್ಥೆ.

ತಂಗಿಯರೇ, ಹಿರಿಯರ ಮುಂದೆ ‘ಹೂಂ’ ಅನ್ನುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಮ್ಮೆ ಹೋಗಿ ಬನ್ನಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ.