ಇಂದಿನ ಧಮ್ಮ ಚಿಂತನೆ: ಹೊರಗಿನವರು ಯಾರು?

 

ವಲಸೆ ಬಂದವರನ್ನು ಓಡಿಸಿ ಎಂಬ ಕೂಗು ಅಮೆರಿಕ, ಯುರೋಪಿನಿಂದ ದಿನವೂ ಟಿವಿಯಲ್ಲಿ ಕೇಳಿಬರುತ್ತಿದೆ. ಕೆಲಸ ಹೋದೀತೆಂಬ ಭಯ ಅದಕ್ಕೊಂದು ಕಾರಣ. ಅದಕ್ಕಿಂತ ಆಳದ ಕಾರಣ, ಹುಟ್ಟಿನಿಂದಲೇ ಮೇಲು-ಕೀಳು ಎಂಬ ನಂಬಿಕೆ. ಇದು ನಮಗೆ ಹೊಸದೇ?

ಒಂದು ಮೊಕದ್ದಮೆ ನೋಡಿ. ಬಾಬಾಸಾಹೇಬರು ಓದಲು ನ್ಯೂಯಾರ್ಕಿಗೆ ಹೋದದ್ದು 1913ರಲ್ಲಿ. ಅದೇ ವರ್ಷ ಪಂಜಾಬಿನ ಭಗತ್ ಸಿಂಗ್ ಥಿಂಡ್ ಕೂಡ ಅಮೆರಿಕ ತಲುಪಿದರು. ಅಲ್ಲಿನ ಸೈನ್ಯದಲ್ಲೂ ಇದ್ದರು. ಆದರೆ ಏಷ್ಯಾದವರಿಗೆ ಪೌರತ್ವ ಬೇಕಾದರೆ ತಾವು ಬಿಳಿಯರೆಂದು ಸಾಧಿಸಬೇಕಿತ್ತು. ಥಿಂಡ್ ಪರ ವಾದವೇನು ಗೊತ್ತೇ? ಅವರು ಮೇಲ್ಜಾತಿಯ ಆರ್ಯರು, ಕೆಳಜಾತಿಯವರೊಡನೆ ಮದುವೆ ಸಂಬಂಧ ಮಾಡದವರು, ಹಾಗಾಗಿ ಅವರ ರಕ್ತ ಶುದ್ಧ! 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1924ರ ಕಾಯ್ದೆ ಏಷ್ಯಾದವರಿಗೆ ಹೆಚ್ಚುಕಡಿಮೆ ಬಾಗಿಲನ್ನೇ ಮುಚ್ಚಿತು.

ಜಾತಿಯ ಜೀವಾಳವೇ ಒಳಮದುವೆ ಎಂದು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮಂಡಿಸಿದ್ದರು. ಅವರು ರೋಗವೆಂದು ತೋರಿಸಿದ್ದನ್ನೇ ಇವರು ಯೋಗ್ಯತೆಯೆಂದು ಕೋರ್ಟಿನ ಮುಂದಿಟ್ಟರು.

ಪಶ್ಚಿಮದಲ್ಲಿ ಸಮಾನತೆಯ ಚಿಂತನೆಯೂ ಇದೆ. ಕಪ್ಪು ಜನರು ನಾಗರಿಕ ಹಕ್ಕಿಗಾಗಿ ಹೋರಾಡಿದ ಕಾಲದಲ್ಲೇ, 1965ರಲ್ಲಿ, ದೇಶದ ಮೂಲ ನೋಡಿ ಸೇರಿಸಿಕೊಳ್ಳುವ ಆ ಪದ್ಧತಿ ರದ್ದಾಯಿತು. ಅಲ್ಲಿ ನೆಲೆಸಿದ ಕನ್ನಡಿಗರೆಲ್ಲ ಆ ಹೋರಾಟಕ್ಕೆ ಋಣಿಗಳು. ಆದರೆ ನಮ್ಮ ದೇಶದ ಜಾತಿಯೂ ವಿಮಾನ ಹತ್ತಿತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನು ಮಾಡಿ ನಿಷೇಧಿಸಬೇಕಾಯಿತು.

ಈಗ ನಮ್ಮ ಕಡೆ ನೋಡೋಣ. 1959ರ ನಂತರ ನೆಲೆ ಕಳೆದುಕೊಂಡು ಬಂದ ಟಿಬೆಟಿಯನ್ನರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಮುಂದೆ ಹುಣಸೂರಿನ ಗುರುಪುರದಲ್ಲೂ ನೆಲೆ ಸಿಕ್ಕಿತು. ಅವರು ಕಾಡು ಕಡಿದು, ಜೋಳ ಬೆಳೆದು ಬದುಕು ಕಟ್ಟಿಕೊಂಡರು. ಆದರೂ ಬಸ್ಸಿನಲ್ಲಿ ಅವರನ್ನು ಕಂಡು, ಅಸ್ಸಾಮಿನ ಕೂಲಿಯವರನ್ನು ಕಂಡು "ಎಲ್ಲಿಂದಲೋ ಬಂದವರು" ಎನ್ನುವ ಮಾತು ಕೆಲವೊಮ್ಮೆ ನಮ್ಮ ಬಾಯಲ್ಲೂ ಬರುತ್ತದೆ.

ಬಂಧುಗಳೇ, ನಮ್ಮ ಹಿರಿಯರು ಎಲ್ಲಿಂದಲೂ ಬಂದವರಲ್ಲ. ಆದರೂ ಅವರ ಕೇರಿ ಊರಾಚೆಯೇ ಇತ್ತು. ಆ ನೋವು ಗೊತ್ತಿದ್ದ ನಾವೇ ಇನ್ನೊಬ್ಬರನ್ನು ಹೊರಗಿನವರೆನ್ನಬಹುದೇ? ನದಿಗಳು ಕಡಲು ಸೇರಿ ತಮ್ಮ ಹೆಸರು ಕಳೆದುಕೊಳ್ಳುವಂತೆ, ಸಂಘ ಸೇರಿದವರು ಜಾತಿ-ಕುಲ ಕಳೆದುಕೊಳ್ಳುತ್ತಾರೆ ಎಂದು ಭಗವಾನ್ ಬುದ್ಧರು ಬೋಧಿಸಿದರು.

ಇಂದಿನ ಅಭ್ಯಾಸ: ದೂರದಿಂದ ದುಡಿಯಲು ಬಂದ ಒಬ್ಬರನ್ನಾದರೂ ಹೆಸರು ಕೇಳಿ, ಊಟವಾಯಿತೇ ಎಂದು ವಿಚಾರಿಸಿ.

ಭವತು ಸಬ್ಬ ಮಂಗಲಂ. ಜೈಭೀಮ್.