ಸೂಕ್ಷ್ಮಜೀವಿಗಳೂ ನಮ್ಮ ಒಲೆಯ ಉರುವಲೂ



ಮಧ್ಯಾಹ್ನದ ಊಟದ ವಿರಾಮ ಮುಗಿದ ಬಳಿಕ ನಮ್ಮ ಶಾಲೆಯ ಕಸದ ಡಬ್ಬಿಯನ್ನು ಒಮ್ಮೆ ಇಣಿಕಿ ನೋಡಿರಿ. ಅರ್ಧ ತಿಂದ ಚಪಾತಿ, ಅನ್ನದ ಅಗುಳು, ಬಾಳೆಹಣ್ಣಿನ ಸಿಪ್ಪೆ ಇವೆಲ್ಲ ಅಲ್ಲಿ ಬಿದ್ದಿರುವುವು. ನಾವು ಮೂಗು ಮುಚ್ಚಿಕೊಂಡು ದೂರ ಸರಿಯುತ್ತೇವೆ. ಆದರೆ ಕಣ್ಣಿಗೆ ಕಾಣದ ಕೆಲವು ಜೀವಿಗಳಿಗೆ ಇದೇ ಮೃಷ್ಟಾನ್ನ. ಅವು ಉಂಡು ಹೊರಬಿಡುವ ಅನಿಲವೇ ನಮ್ಮ ಒಲೆಗೆ ಉರುವಲು. ಈ ಸಂಗತಿಯನ್ನು ಇಂದು ಅಭ್ಯಾಸ ಮಾಡೋಣ.

ಮೊದಲು ಉರಿಯುವುದೆಂದರೇನು ಎಂಬುದನ್ನು ತಿಳಿಯಬೇಕು. ಕಟ್ಟಿಗೆ ಉರಿದಾಗ ಅದರಲ್ಲಿಯ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುವುದು. ಇದು ಒಲೆಯ ಬೂದಿಯಿದ್ದಂತೆ, ಉರಿದು ಮುಗಿದ ಪದಾರ್ಥ. ಇದಕ್ಕೆ ಬೆಂಕಿ ಹಚ್ಚಿದರೆ ಉರಿಯದು. ಇಂತಹ ಅನಿಲವನ್ನು ಮರಳಿ ಉರುವಲನ್ನಾಗಿ ಮಾಡಲು ಸಾಧ್ಯವೇ? ಗಿಡಮರಗಳು ಸೂರ್ಯನ ಬೆಳಕಿನಿಂದ ಈ ಕಾರ್ಯವನ್ನು ಮಾಡುತ್ತವೆ. ಬೆಳಕೂ ಆಮ್ಲಜನಕವೂ ಇಲ್ಲದ ಕೆಸರಿನಲ್ಲಿ ಇದನ್ನೇ ಬೇರೊಂದು ರೀತಿಯಿಂದ ಮಾಡುವ ಜೀವಿಗಳೂ ಇವೆ.

1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಎಂಬವರು ಮಜೋರೆ ಸರೋವರದ ತಳದ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಸಂಗ್ರಹಿಸಿ, ಆ ಅನಿಲವು ಉರಿಯುವುದೆಂದು ತೋರಿಸಿದರು. ಅದೇ ಮೀಥೇನ್. ಅದನ್ನು ಉತ್ಪಾದಿಸುವ ಸೂಕ್ಷ್ಮಜೀವಿಗಳನ್ನು ಬಹುಕಾಲ ಬ್ಯಾಕ್ಟೀರಿಯಗಳೆಂದೇ ಎಣಿಸಲಾಗಿತ್ತು. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ವಿಜ್ಞಾನಿಗಳು ಇವು ಬೇರೆಯೇ ಒಂದು ಕುಲಕ್ಕೆ ಸೇರಿದವೆಂದು ಸಾಧಿಸಿದರು. ಈಗ ಆ ಕುಲಕ್ಕೆ ಆರ್ಕಿಯಾ ಎಂದು ಹೆಸರು.

ಇವುಗಳ ಕಾರ್ಯವನ್ನು ಲೆಕ್ಕದಲ್ಲಿ ಹೀಗೆ ಬರೆಯಬಹುದು: ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗೆ ಜಲಜನಕದ ನಾಲ್ಕು ಅಣುಗಳು ಕೂಡಿದರೆ ಮೀಥೇನಿನ ಒಂದು ಅಣುವೂ ನೀರಿನ ಎರಡು ಅಣುಗಳೂ ಆಗುವುವು. ತೂಕದಲ್ಲಿ ಹೇಳುವುದಾದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 8 ಗ್ರಾಂ ಜಲಜನಕದಿಂದ 16 ಗ್ರಾಂ ಮೀಥೇನ್ ಮತ್ತು 36 ಗ್ರಾಂ ನೀರು. ಎರಡೂ ಕಡೆ ಕೂಡಿಸಿ ನೋಡಿರಿ. 52 ಗ್ರಾಂ ಸರಿಹೋಗುವುದು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು, “ಗುರುಗಳೇ, ಆ ಜಲಜನಕ ಎಲ್ಲಿಂದ ಬಂತು?” ಎಂದು ಕೇಳದೆ ಇರಲಾರನು. ಪ್ರಶ್ನೆ ಯೋಗ್ಯವಾದುದು. ಮುಚ್ಚಿದ ತೊಟ್ಟಿಯಲ್ಲಿ ಮೀಥೇನ್ ಜೀವಿಗಳು ಒಂಟಿಯಾಗಿ ದುಡಿಯುವುದಿಲ್ಲ. ಅವುಗಳ ನೆರೆಹೊರೆಯ ಬ್ಯಾಕ್ಟೀರಿಯಗಳು ಅನ್ನದ ಪಿಷ್ಟವನ್ನು ಸಕ್ಕರೆಯಾಗಿಯೂ, ಸಕ್ಕರೆಯನ್ನು ಆಮ್ಲಗಳಾಗಿಯೂ ಒಡೆಯುತ್ತವೆ. ಆಗ ಜಲಜನಕವೂ ಇಂಗಾಲದ ಡೈಆಕ್ಸೈಡೂ ಹೊರಡುವುವು. ಮೀಥೇನ್ ಜೀವಿಗಳಲ್ಲಿ ಕೆಲವು ಈ ಎರಡನ್ನು ಕೂಡಿಸುತ್ತವೆ. ಕೆಲವು ಅಸಿಟಿಕ್ ಆಮ್ಲವನ್ನು ಒಡೆದು ಮೀಥೇನ್ ಕೊಡುತ್ತವೆ. ಒಬ್ಬರ ಎಂಜಲು ಇನ್ನೊಬ್ಬರ ಆಹಾರ. ಎಲ್ಲರೂ ಕೂಡಿದರೇ ಸಂಸಾರ.

ಈ ವಿದ್ಯೆ ನಮ್ಮ ಪುಣೆಗೆ ಹೊಸತಲ್ಲ. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮೊಮ್ಮಗ ಡಾ. ಆನಂದ ಕರ್ವೆಯವರು ಇಲ್ಲಿ ‘ಆರತಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಗೋಬರ ಗ್ಯಾಸಿನ ತೊಟ್ಟಿಗೆ ಸಗಣಿಯ ಬದಲು ಅಡಿಗೆಮನೆಯ ಅವಶೇಷವನ್ನು ಹಾಕುವ ರೀತಿಯನ್ನು ರೂಪಿಸಿದರು. ಅವರ ವಿಚಾರ ಸರಳವಾದುದು. ದನವು ಮೇವಿನ ಸಾರವನ್ನು ತಾನು ಹೀರಿಕೊಂಡು ಉಳಿದುದನ್ನು ಸಗಣಿಯಾಗಿ ಬಿಡುವುದು. ಆದುದರಿಂದ ಅದರಲ್ಲಿ ಸೂಕ್ಷ್ಮಜೀವಿಗಳಿಗೆ ದೊರೆಯುವ ಪೋಷಣೆ ಕಡಿಮೆ. ಅನ್ನ ಹಿಟ್ಟುಗಳಲ್ಲಿ ಅದು ಹೇರಳವಾಗಿದೆ. ಸಗಣಿಗೆ ವಾರಗಟ್ಟಲೆ ಹಿಡಿಯುವ ಕೆಲಸ ಪಿಷ್ಟಕ್ಕೆ ಒಂದೆರಡು ದಿನಗಳಲ್ಲಿ ಮುಗಿಯುವುದು. ಪ್ಲಾಸ್ಟಿಕ್ಕಿನ ನೀರಿನ ಟಾಕಿಯೊಂದರಲ್ಲಿ ಇನ್ನೊಂದನ್ನು ಬೋರಲಾಗಿ ಇಟ್ಟರೆ ಯಂತ್ರ ಸಿದ್ಧ. ಅನಿಲ ತುಂಬಿದಂತೆ ಮೇಲಿನ ಟಾಕಿ ಏಳುವುದು. ಈ ಸಾಧನಕ್ಕಾಗಿ 2006ರಲ್ಲಿ ಸಂಸ್ಥೆಗೆ ಇಂಗ್ಲಂಡಿನ ಆಶ್ಡೆನ್ ಪ್ರಶಸ್ತಿ ದೊರೆಯಿತು.

ಇನ್ನೊಂದು ಲೆಕ್ಕ. 180 ಗ್ರಾಂ ಗ್ಲೂಕೋಸ್ ಪೂರ್ಣವಾಗಿ ಕೊಳೆತರೆ 48 ಗ್ರಾಂ ಮೀಥೇನೂ 132 ಗ್ರಾಂ ಇಂಗಾಲದ ಡೈಆಕ್ಸೈಡೂ ದೊರೆಯುವುವು. ಈ 132 ಗ್ರಾಮಿಗೆ ಹೊರಗಿನಿಂದ 24 ಗ್ರಾಂ ಜಲಜನಕವನ್ನು ಒದಗಿಸಿದರೆ ಅದೇ ಜೀವಿಗಳು ಮತ್ತೆ 48 ಗ್ರಾಂ ಮೀಥೇನ್ ಮಾಡಬಲ್ಲವು. ಡೆನ್ಮಾರ್ಕಿನ ಕೋಪನ್‌ಹೇಗನ್ ಸಮೀಪದ ಚರಂಡಿ ನೀರಿನ ಶುದ್ಧೀಕರಣ ಕೇಂದ್ರದಲ್ಲಿ 2016ರಲ್ಲಿ ಹೀಗೆಯೇ ದೊಡ್ಡ ಪ್ರಯೋಗ ನಡೆಯಿತು. ಅಲ್ಲಿ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆದರು.

ಆದರೆ ಮೋಸಹೋಗಬಾರದು. ಜಲಜನಕದಲ್ಲಿದ್ದ 100 ಪಾಲು ಶಕ್ತಿಯಲ್ಲಿ ಮೀಥೇನಿಗೆ ಬರುವುದು ಸುಮಾರು 78 ಪಾಲು ಮಾತ್ರ. ನೀರನ್ನು ಒಡೆಯುವಾಗಿನ ನಷ್ಟ ಬೇರೆ. ಸೂಕ್ಷ್ಮಜೀವಿ ಶೂನ್ಯದಿಂದ ಶಕ್ತಿಯನ್ನು ಸೃಷ್ಟಿಸದು. ಬಿಸಿಲು ಗಾಳಿಗಳ ವಿದ್ಯುತ್ತು ಹೆಚ್ಚಾಗಿ ಉಳಿದಾಗ ಅದನ್ನು ಕೂಡಿಡಲು ಇದು ಒಳ್ಳೆಯ ಉಪಾಯ. ಕಲ್ಲಿದ್ದಲನ್ನು ಸುಟ್ಟ ವಿದ್ಯುತ್ತಿನಿಂದ ಮಾಡಿದರೆ ಕೈಯ ಗಂಟೂ ಕಳೆದಂತೆ.

ಅಡಿಗೆಮನೆಯ ಅವಶೇಷಕ್ಕಾದರೋ ಈ ಖರ್ಚಿಲ್ಲ. ಅದನ್ನು ತೊಟ್ಟಿಯಲ್ಲಿ ಮುಚ್ಚಿ ಬಳಸದೆ ರಾಶಿ ಹಾಕಿದರೂ ರಾಶಿಯ ಒಳಗೆ ಮೀಥೇನ್ ಹುಟ್ಟಿಯೇ ಹುಟ್ಟುವುದು. ಆಗ ಅದು ಒಲೆಯನ್ನು ಸೇರದೆ ಆಕಾಶವನ್ನು ಸೇರುವುದು. ನೂರು ವರ್ಷಗಳ ಲೆಕ್ಕದಲ್ಲಿ ಅದು ಭೂಮಿಯನ್ನು ಕಾಯಿಸುವುದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು. ಪುಣೆಯ ಕಸವನ್ನು ಅನೇಕ ವರ್ಷ ಉರುಳಿ ದೇವಾಚಿಯ ಬಯಲಿಗೆ ಸಾಗಿಸಿ ಸುರಿಯಲಾಯಿತು. ದುರ್ವಾಸನೆಯಿಂದಲೂ ಕೆಟ್ಟ ನೀರಿನಿಂದಲೂ ಬೇಸತ್ತ ಉರುಳಿ, ಫುರಸುಂಗಿಗಳ ಜನರು 2014ರಲ್ಲಿ ಕಸದ ಲಾರಿಗಳನ್ನು ತಡೆದು ನಿಲ್ಲಿಸಿದರು. ನಾವು ಎಸೆದುದು ಎಲ್ಲಿಗೋ ಹೋಯಿತೆಂದು ತಿಳಿಯುವೆವು; ಆದರೆ ಆ ‘ಎಲ್ಲಿಗೋ’ ಎಂಬುದು ಮತ್ತೊಬ್ಬರ ಊರು.

ಉದ್ಯೋಗಕ್ಕಾಗಿ ಈ ನಗರಕ್ಕೆ ಬಂದು ನೆಲೆಸಿದ ನಮಗೆ ಹಳ್ಳಿಯ ಮನೆಯ ಒಲೆ ಇನ್ನೂ ನೆನಪಿದೆ. ತಾಯಿಯವರು ರೊಟ್ಟಿ ಬಡಿಯುತ್ತ ಕುಳ್ಳಿನ ಹೊಗೆಗೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಆ ಸಗಣಿಯನ್ನೇ ತೊಟ್ಟಿಗೆ ಹಾಕಿದ್ದರೆ ಹೊಗೆಯಿಲ್ಲದ ನೀಲಿ ಉರಿಯೂ ಹೊಲಕ್ಕೆ ಗೊಬ್ಬರವೂ ಎರಡೂ ದೊರೆಯುತ್ತಿದ್ದವೆಂದು ಆಗ ನಮಗೆ ತಿಳಿದಿರಲಿಲ್ಲ. ನಿಮ್ಮಲ್ಲಿ ಅನೇಕರ ಅಜ್ಜಿಯರ ಮನೆಯಲ್ಲಿ ಇಂದಿಗೂ ಅಂತಹ ಒಲೆ ಇದ್ದೀತು. ರಜೆಗೆ ಊರಿಗೆ ಹೋದಾಗ ಈ ಮಾತನ್ನು ಅವರಿಗೆ ತಿಳಿಸಿರಿ.

ಒಂದು ಎಚ್ಚರಿಕೆ: ಮೀಥೇನ್ ಗಾಳಿಯೊಡನೆ ಬೆರೆತರೆ ಸಿಡಿಯಬಲ್ಲುದು, ಹಿರಿಯರಿಲ್ಲದೆ ಪ್ರಯೋಗಕ್ಕೆ ಕೈಹಾಕಬೇಡಿರಿ. ಆದರೆ ಒಂದು ಕೆಲಸವನ್ನು ನಾಳೆಯಿಂದಲೇ ಮಾಡಬಹುದು. ಅನ್ನದ ಕಸವನ್ನೂ ಪ್ಲಾಸ್ಟಿಕ್ಕಿನ ಕಸವನ್ನೂ ಒಂದೇ ಡಬ್ಬಿಗೆ ಹಾಕಬೇಡಿರಿ. ಸೂಕ್ಷ್ಮಜೀವಿ ತನ್ನ ಪಾಲಿನ ಕೆಲಸವನ್ನು ಮಾಡಲು ಸದಾ ಸಿದ್ಧವಾಗಿದೆ. ನಮ್ಮ ಪಾಲಿನದು ಇಷ್ಟೇ.