ಕುಂಡದ ಹೂಗಿಡಗಳು: ಬೇರಿನ ಆರೈಕೆ



ಹಸು ಇರುವ ಮನೆಯಲ್ಲಿ ಗೊಬ್ಬರಕ್ಕೆ ಕೊರತೆಯಿಲ್ಲ. ಆದರೂ ಜಗಲಿಯ ಮೇಲಿನ ಕುಂಡದ ಗುಲಾಬಿ, ದಾಸವಾಳ, ಮಲ್ಲಿಗೆ ಗಿಡಗಳು ತಂದ ಕೆಲವೇ ತಿಂಗಳಲ್ಲಿ ಸೊರಗುವುದುಂಟು. ಗೊಬ್ಬರ ಸಾಲದೆಂದು ಇನ್ನೊಂದು ಬೊಗಸೆ ಸಗಣಿ, ಇನ್ನೊಂದು ಚೊಂಬು ನೀರು ಸುರಿಯುವವರೇ ಹೆಚ್ಚು. ಇದರಿಂದ ಗಿಡ ಇನ್ನೂ ಬೇಗ ಹೋಗುತ್ತದೆ. ದುಡ್ಡು ಕೊಟ್ಟು ತಂದ ಕಸಿ ಗುಲಾಬಿಯಾದರೆ ನಷ್ಟವೂ ಸಣ್ಣದಲ್ಲ. ಇಂತಹ ಗಿಡಗಳಲ್ಲಿ ತೊಂದರೆ ಸಾಮಾನ್ಯವಾಗಿ ಬೇರಿನಲ್ಲಿರುತ್ತದೆ.

ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ಪಡೆಯುತ್ತದೆ. ಆ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಕಟ್ಟಿ ಕೊಳೆರೋಗಕ್ಕೆ ತುತ್ತಾಗುತ್ತದೆ. ಕೊಳೆತ ಬೇರು ನೀರು ಹೀರಲಾರದು. ಆದ್ದರಿಂದಲೇ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಬಾಡಿದ ಎಲೆ ಕಂಡೊಡನೆ ಚೊಂಬು ಹಿಡಿಯಬೇಡಿ. ಮಣ್ಣಿಗೆ ಬೆರಳಿಳಿಸಿ ನೋಡಿ. ಎರಡು ಗಿಣ್ಣಿನಷ್ಟು ಆಳದಲ್ಲಿ ತೇವವಿದ್ದರೆ ನೀರು ಬೇಡ. ಕೊಡುವಾಗ ಮಾತ್ರ ತಳದ ತೂತಿನಿಂದ ಹೊರಬರುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.

ಅನುಮಾನವಿದ್ದರೆ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಮೆಲ್ಲಗೆ ಕುಂಡದಿಂದ ಜಾರಿಸಿ ನೋಡಿ. ಆರೋಗ್ಯವಾದ ಎಳೆ ಬೇರು ಬೆಳ್ಳಗೆ ಅಥವಾ ಕೆನೆಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದಾಗಿ ಮೆತ್ತಗಾಗಿರುತ್ತದೆ. ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತದೆ. ಕೆಟ್ಟ ವಾಸನೆಯೂ ಬರಬಹುದು. ಮುಟ್ಟಿಯೇ ಕೆಚ್ಚಲುಬಾವು ಗುರುತಿಸುವ ನಿಮ್ಮ ಕೈಗೆ ಇದು ಕಷ್ಟದ ಪರೀಕ್ಷೆಯಲ್ಲ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ಮಣ್ಣಿಗೆ ಬದಲಿಸಿದರೆ, ಒಳ್ಳೆಯ ಬೇರು ಸಾಕಷ್ಟು ಉಳಿದಿರುವ ಗಿಡ ಚೇತರಿಸಿಕೊಳ್ಳುವುದುಂಟು.

ಈಗ ಸಗಣಿಯ ವಿಷಯ. ಹಸಿ ಸಗಣಿಯನ್ನು ಕುಂಡಕ್ಕೆ ಹಾಕಲೇಬಾರದು. ಅದು ಕಳಿಯುವಾಗ ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ, ಬೇರಿನ ತುದಿಗಳು ಸುಡುತ್ತವೆ. ಹೊಲದಲ್ಲಾದರೆ ಬೇರು ಆಚೀಚೆ ಹರಿದು ತಪ್ಪಿಸಿಕೊಳ್ಳುತ್ತದೆ; ಕುಂಡದಲ್ಲಿ ಹೋಗುವುದೆಲ್ಲಿಗೆ? ತಿಪ್ಪೆಯ ತಳದಿಂದ ಚೆನ್ನಾಗಿ ಕಳಿತ ಗೊಬ್ಬರವನ್ನೇ ತೆಗೆದುಕೊಳ್ಳಿ. ಅದು ಕಪ್ಪಗೆ, ಪುಡಿಪುಡಿಯಾಗಿ, ಬಿಸಿಯಿಲ್ಲದೆ, ಸಗಣಿಯ ವಾಸನೆಯಿಲ್ಲದೆ ಇರಬೇಕು. ಜರಡಿ ಹಿಡಿದು ಗೊಣ್ಣೆಹುಳುಗಳನ್ನು ಆರಿಸಿ ಕೋಳಿಗೆ ಹಾಕಿ, ಏಕೆಂದರೆ ಅವುಗಳಲ್ಲಿ ಬೇರು ತಿನ್ನುವ ಜಾತಿಗಳೂ ಇವೆ. ಗೊಣ್ಣೆಹುಳುವಿಗೆ ಹಿಂದೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ನಿಷೇಧವಾಗಿದೆ. ಮನೆಯ ಮೂಲೆಯಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಬೇಡಿ. ಮಕ್ಕಳಿಗೂ ದನಕ್ಕೂ ಅದು ಘೋರ ವಿಷ. ಗಂಜಳ ಕೊಡುವುದಾದರೆ ಒಂದು ಭಾಗಕ್ಕೆ ಹತ್ತು ಭಾಗ ನೀರು ಬೆರೆಸಿ, ಮಣ್ಣು ತೇವವಿರುವಾಗ, ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ಹಾಲಿನ ಕ್ಯಾನ್ ತೊಳೆದ ಸೋಡಾ ನೀರನ್ನು ಗಿಡಕ್ಕೆ ಚೆಲ್ಲುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದರಲ್ಲಿನ ಸೋಡಿಯಂ ಮಣ್ಣನ್ನು ಬಿಗಿ ಮಾಡಿ ಗಾಳಿಯ ದಾರಿ ಮುಚ್ಚುತ್ತದೆ.

ಎರಡು ಭಾಗ ಕೆಮ್ಮಣ್ಣು, ಒಂದು ಭಾಗ ಕಳಿತ ಗೊಬ್ಬರ, ಒಂದು ಭಾಗ ದಪ್ಪ ಮರಳು ಹೆಚ್ಚಿನ ಹೂಗಿಡಗಳಿಗೆ ಒಗ್ಗುವ ಮಿಶ್ರಣ. ಕೆರೆಗೋಡು ಒಂದನ್ನೇ ತುಂಬಿದರೆ ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ಎಣ್ಣೆ ಡಬ್ಬ, ಒಡೆದ ಬಕೆಟ್ಟು ಯಾವುದಾದರೂ ಆದೀತು, ತಳದಲ್ಲಿ ಮೂರು ನಾಲ್ಕು ತೂತು ಇರಲಿ. ತೂತಿನ ಮೇಲೆ ಹೆಂಚಿನ ಚೂರೊಂದು ಸಾಕು. ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ಸರಿಯಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಡೆದು ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ಮಲೆನಾಡಿನ ಜಗಲಿಗಳಲ್ಲಿ ಕಾಣುವ ಆಂಥೂರಿಯಂಗೆ ಮಾತ್ರ ಈ ಮಿಶ್ರಣ ಬೇಡ. ಅದರ ಬೇರಿಗೆ ಗಾಳಿ ಬಹಳ ಬೇಕು. ತೆಂಗಿನ ಸಿಪ್ಪೆಯ ತುಂಡು, ಇಟ್ಟಿಗೆ ಚೂರು, ಇದ್ದಿಲು, ಸ್ವಲ್ಪ ಗೊಬ್ಬರ ಸೇರಿಸಿ ನೆಡಿ.

ಬೇರುಗಳು ಕುಂಡದ ಒಳಗೋಡೆಗೆ ಸುತ್ತಿಕೊಂಡಿದ್ದರೆ ಕುಂಡ ಬದಲಿಸುವ ಕಾಲ ಬಂದಿದೆ. ಎರಡು ಅಂಗುಲ ಮಾತ್ರ ದೊಡ್ಡದಾದ ಕುಂಡ ಆರಿಸಿ, ಏಕೆಂದರೆ ತೀರ ದೊಡ್ಡದರಲ್ಲಿ ಬೇರಿಲ್ಲದ ಮಣ್ಣು ಬಹಳ ದಿನ ಹಸಿಯಾಗಿಯೇ ಉಳಿಯುತ್ತದೆ. ಸುತ್ತಿದ ಬೇರನ್ನು ಕೈಯಿಂದ ಬಿಡಿಸಿ, ಒಂದು ವಾರ ನೆರಳಲ್ಲಿಡಿ. ಹೊಸ ಚಿಗುರು ಬರುವವರೆಗೆ ಮೇಲುಗೊಬ್ಬರ ಬೇಡ. ಹೀಗೆ ಕಣಗಿಲೆ ಗಿಡವನ್ನು ಸವರಿ ಕುಂಡ ಬದಲಿಸಿದಾಗ ಅದರ ಎಲೆ, ಕಡ್ಡಿ, ಬೇರಿನ ಚೂರುಗಳನ್ನು ಗೋದಲಿಯ ಬಳಿ ಅಥವಾ ದನ ಬಾಯಿ ಹಾಕುವ ತಿಪ್ಪೆಗೆ ಎಸೆಯಬೇಡಿ. ಒಣಗಿದ ಮೇಲೂ ಅದರ ವಿಷ ಹೋಗುವುದಿಲ್ಲ, ಕೆಲವು ಎಲೆ ತಿಂದರೂ ಹಸು ಸಾಯಬಹುದು. ದನ ಕೆದಕದಂತೆ ಗುಂಡಿ ತೋಡಿ ಹೂತುಬಿಡಿ.